ಗೆದ್ದ ಮೇಲೆ ಆರಂಭವಾಗುವ ಪಾಠ



ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ–ಸೊರಬ ಸೀಮೆಯಲ್ಲಿ ಅಂಬ್ಲಿಗೊಳ ಎಂಬ ಊರಿದೆ. ಈ ಹೆಸರು ಕೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಜಲಾಶಯ. ಮಲೆನಾಡು ಮುಗಿದು ಬಯಲು ತೊಡಗುವ ಈ ಸೀಮೆ ಕೆರೆಗಳ ಸೀಮೆ. ಊರಿಗೊಂದು, ಕೆಲವೆಡೆ ಊರಿಗೆ ನಾಲ್ಕಾರು ಕೆರೆಗಳು ಇಲ್ಲಿವೆ. ಕೆರೆ ಇದ್ದಲ್ಲಿ ತೂಬು ಇರುತ್ತದೆ. ತೂಬು ಇದ್ದಲ್ಲಿ ಹಿಂದೆ ನೀರ್ಗಂಟಿ ಇರುತ್ತಿದ್ದ. ಯಾವ ದಿನ ತೂಬು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಸಬೇಕು, ಕೆರೆಯಲ್ಲಿ ನೀರು ಕಡಿಮೆಯಾದಾಗ ಯಾರ ಪಾಳಿಯನ್ನು ಮೊಟಕು ಮಾಡಬೇಕು, ಇದೆಲ್ಲ ಅವನ ತಲೆಯಲ್ಲಿರುತ್ತಿತ್ತು.

ಅವನಿಗೆ ಇದನ್ನು ಕಲಿಸಿದವರು ಯಾರು? ಅವನ ಅಪ್ಪ. ಅಪ್ಪನಿಗೆ ಕಲಿಸಿದವರು ಯಾರು? ಅವನ ಅಪ್ಪ. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಹುಡುಗ ಅಪ್ಪನ ಹಿಂದೆ ಏರಿಯ ಮೇಲೆ ನಡೆಯುತ್ತ ನಡೆಯುತ್ತ ಕಲಿತುಬಿಡುತ್ತಿದ್ದ.

ಈಗ ಒಂದು ಬದಲಾವಣೆಯನ್ನು ಊಹಿಸಿಕೊಳ್ಳಿ. ಊರವರೆಲ್ಲ ಸೇರಿ, "ಇನ್ನು ಮುಂದೆ ಐದು ವರ್ಷಕ್ಕೊಮ್ಮೆ ನಾವೇ ಒಬ್ಬರನ್ನು ಆರಿಸುತ್ತೇವೆ, ಯಾರು ಬೇಕಾದರೂ ಆಗಬಹುದು" ಎಂದು ತೀರ್ಮಾನಿಸಿದರು. ನ್ಯಾಯವಾದ ತೀರ್ಮಾನ. ಆರಿಸಿ ಬಂದ ಹೊಸಬರು ಮರುದಿನ ಬೆಳಿಗ್ಗೆ ತೂಬಿನ ಹತ್ತಿರ ಬಂದು ನಿಲ್ಲುತ್ತಾರೆ. ಅಧಿಕಾರ ಅವರ ಕೈಯಲ್ಲಿದೆ. ಆದರೆ ತೂಬು ಎತ್ತುವುದು ಹೇಗೆ? ಅದನ್ನು ಬಲ್ಲವನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾನೆ. ಅವನು ಹೇಳಿಕೊಡದಿದ್ದರೆ, ಹೆಸರಿಗೆ ಹೊಸಬರು ಅಧಿಕಾರಿ, ಕೆಲಸಕ್ಕೆ ಹಳಬನೇ ಯಜಮಾನ.

ಚುನಾಯಿತ ಪ್ರತಿನಿಧಿಗಳಿಗೆ ತರಬೇತಿ ಎಂದಾಗ ಅನೇಕರು ನಗುತ್ತಾರೆ. "ಗೆದ್ದವರಿಗೆ ಇನ್ನೇನು ಪಾಠ?" ಎನ್ನುತ್ತಾರೆ. ಆದರೆ ಮನೆಯಲ್ಲಿ ಕಲಿಯುತ್ತಿದ್ದ ಆಡಳಿತವನ್ನು ಎಲ್ಲರಿಗೂ ತೆರೆದಾಗ, ಅದನ್ನು ಕಲಿಸುವ ಶಾಲೆಯನ್ನೂ ತೆರೆಯಬೇಕಾಗುತ್ತದೆ. ನಮ್ಮ ನಾಡು ಈ ಮಾತನ್ನು ಅರಿತುಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯೇ ಈ ಲೇಖನದ ವಿಷಯ.

ಮನೆಯೇ ಪಾಠಶಾಲೆಯಾಗಿದ್ದಾಗ

ಆಳುವವನಿಗೆ ವಿದ್ಯೆ ಬೇಕು ಎಂಬ ಭಾವನೆ ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದ ಆ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆ ಅದರಲ್ಲಿದೆ. ಅವನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ ಅವಮಾನಗೊಂಡ. ಓದು ಬಿಟ್ಟು ಕತ್ತಿ ಹಿಡಿದ. ವಿದ್ಯಾರ್ಥಿಯೊಬ್ಬ ಅರಸನಾದ ಕಥೆ ಇದು.

ಅದೇ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವಿತ್ತು. 1162ರ ಶಾಸನವೊಂದು ಅಲ್ಲಿ ನಡೆಯುತ್ತಿದ್ದುದನ್ನು ಪಟ್ಟಿ ಮಾಡುತ್ತದೆ: ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನ, ದೀನರಿಗೆ, ಅನಾಥರಿಗೆ ಅನ್ನ, ರೋಗಿಗಳಿಗೆ ಔಷಧ. ಶಾಸ್ತ್ರ ಕಲಿಸುವ ದೊಡ್ಡ ಕೇಂದ್ರಗಳು ಇಲ್ಲೇ ಇದ್ದವು.

ಆದರೆ ಊರಾಳುವ ವಿದ್ಯೆ ಮಠದಲ್ಲಿ ಸಿಗುತ್ತಿರಲಿಲ್ಲ. ಅದು ಗಾವುಂಡರ ಮನೆಯಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಕೆರೆ ಕಟ್ಟಿಸಿದ, ದತ್ತಿ ಬಿಟ್ಟ, ಗಡಿ ಗುರುತಿಸಿದ ಗಾವುಂಡರ ಹೆಸರುಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಮುಂದಿನ ಶತಮಾನಗಳಲ್ಲಿ ಇದೇ ಏರ್ಪಾಡು ಗೌಡ ಅಥವಾ ಪಟೇಲ ಮತ್ತು ಶಾನುಭೋಗ ಎಂಬ ಎರಡು ಹುದ್ದೆಗಳಾಗಿ ನಿಂತಿತು. ಪಟೇಲನದು ಅಧಿಕಾರ, ಶಾನುಭೋಗನದು ಲೆಕ್ಕ.

ಇಂದು ನಾವು ಕಚೇರಿಯ ಫೈಲನ್ನು 'ಕಡತ' ಎನ್ನುತ್ತೇವೆ. ಹಿಂದೆ ಕಡತವೆಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಮಡಿಸಿದ ಬಟ್ಟೆಯ ಪುಸ್ತಕ. ಬಳಪದಿಂದ ಅದರಲ್ಲಿ ಬರೆಯುತ್ತಿದ್ದರು. ಊರಿನ ಜಮೀನು, ಕಂದಾಯ, ಬಾಕಿ ಎಲ್ಲವೂ ಅದರಲ್ಲಿ. ಅದನ್ನು ಓದಬಲ್ಲವರು ಊರಿಗೆ ಒಂದೋ ಎರಡೋ ಮನೆಯವರು. ಉಳಿದವರಿಗೆ ಅದು ಕಪ್ಪು ಬಟ್ಟೆ ಮಾತ್ರ. ತನ್ನ ಹೆಸರಿನ ಮುಂದೆ ಎಷ್ಟು ಬಾಕಿ ಬರೆದಿದೆ ಎಂದು ರೈತನಿಗೆ ಓದಲು ಬಾರದಿದ್ದಾಗ, ಓದಿ ಹೇಳಿದ್ದೇ ಸತ್ಯ.

ವಂಶಪಾರಂಪರ್ಯದ ಈ ಹುದ್ದೆಗಳನ್ನು ತೆಗೆದುಹಾಕಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಅದು 1963ರಲ್ಲಿ ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗರು ಬಂದರು. ಕಡತ ಮನೆಯಿಂದ ಕಚೇರಿಗೆ ಬಂತು. ಆದರೆ ಅದನ್ನು ಓದುವ ವಿದ್ಯೆ ಊರಿನವರೆಲ್ಲರಿಗೂ ಬಂತೆ? ಅದಕ್ಕೆ ಇನ್ನೂ ಕಾಲ ಬೇಕಿತ್ತು.

ದಸರೆಯ ಮರುದಿನಗಳ ಸಭೆ

ಊರಿನ ಕಥೆಯನ್ನು ಇಲ್ಲಿ ನಿಲ್ಲಿಸಿ, ರಾಜಧಾನಿಯ ಕಡೆ ನೋಡೋಣ. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ 1881ರಲ್ಲಿ ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂತು. ದಿವಾನ ಸಿ. ರಂಗಾಚಾರ್ಲು ಅವರು ಒಂದು ಆಜ್ಞೆ ಹೊರಡಿಸಿದರು. ಸಂಸ್ಥಾನದ ಎಲ್ಲ ಭಾಗಗಳಿಂದ ಭೂಹಿಡುವಳಿದಾರರು ಮತ್ತು ವರ್ತಕರು ದಸರಾ ಮುಗಿಯುತ್ತಲೇ ಮೈಸೂರಿನಲ್ಲಿ ಸೇರಬೇಕು. ಕಳೆದ ವರ್ಷದ ಆಡಳಿತದ ವರದಿಯನ್ನು ದಿವಾನರು ಅವರ ಮುಂದೆ ಇಡುತ್ತಾರೆ. 1881ರ ಅಕ್ಟೋಬರ್ 7ರಂದು 144 ಮಂದಿ ಸೇರಿದರು. ಇದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು.

ಆ ದಿನಗಳ ಹಿನ್ನೆಲೆಯನ್ನು ಮರೆಯಬಾರದು. 1876–78ರ ಭೀಕರ ಕ್ಷಾಮದಿಂದ ನಾಡು ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಅಂಥ ಸಮಯದಲ್ಲಿ ಸರ್ಕಾರದ ಆದಾಯವೆಷ್ಟು, ವೆಚ್ಚವೆಷ್ಟು ಎಂದು ದಿವಾನರೇ ಪ್ರಜೆಗಳ ಮುಂದೆ ಹೇಳಿದ್ದು ದೊಡ್ಡ ಹೆಜ್ಜೆ.

ಆದರೆ ಸಭೆಯ ಸ್ವರೂಪ ಗಮನಿಸಿ. ಬಂದವರು ಚುನಾಯಿತರಲ್ಲ. ದಿವಾನರ ಮಾತನ್ನು ಕೇಳಬಹುದು, ತಮ್ಮ ಕಡೆಯ ಅಹವಾಲು ಹೇಳಬಹುದು. ಮತ ಹಾಕಿ ತೀರ್ಮಾನಿಸುವ ಹಕ್ಕಿಲ್ಲ. ಚುನಾವಣೆಯ ಪದ್ಧತಿ ಬಂದದ್ದು 1891ರಲ್ಲಿ, ಅದೂ ಆಸ್ತಿ ಅಥವಾ ವಿದ್ಯಾರ್ಹತೆಯಿದ್ದ ಕೆಲವರಿಗೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯ್ದೆಯ ಬಲ ಸಿಕ್ಕಿತು.

ಇಷ್ಟಾದರೂ ಆ ಸಭೆ ಒಂದು ಪಾಠಶಾಲೆಯೇ ಆಗಿತ್ತು. ತಾಲ್ಲೂಕಿನಿಂದ ಬಂದವನು ತನ್ನ ಊರಿನ ಕೆರೆಯ ದುರಸ್ತಿಯ ಮಾತನ್ನು ಸರ್ಕಾರದ ಭಾಷೆಯಲ್ಲಿ ಹೇಳುವುದನ್ನು ಕಲಿತ. ಪಕ್ಕದ ಜಿಲ್ಲೆಯವನ ಕಷ್ಟವೂ ತನ್ನ ಕಷ್ಟದಂತೆಯೇ ಇದೆ ಎಂದು ತಿಳಿದುಕೊಂಡ. ಅಲ್ಲಿನ ಪಾಠಕ್ರಮ ಮಾತ್ರ ಅರ್ಧದಷ್ಟೇ: ಕೇಳಿಸಿಕೊಳ್ಳುವುದು ಮತ್ತು ಬೇಡಿಕೊಳ್ಳುವುದು. ಲೆಕ್ಕ ಕೇಳುವುದು ಮತ್ತು ತೀರ್ಮಾನಿಸುವುದು ಉಳಿದರ್ಧ. ಅದನ್ನು ಜನ ಬೇರೆ ಕಡೆ ಕಲಿಯಬೇಕಾಯಿತು.

ಕೊಳಗ ಕಲಿಸಿದ ಪಾಠ

ಅಂಥ ಒಂದು ಕಡೆ ಅಂಬ್ಲಿಗೊಳದಿಂದ ಬಹಳ ದೂರವೇನೂ ಇಲ್ಲ. ಸಾಗರ ತಾಲ್ಲೂಕಿನ ಕಾಗೋಡು. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳದ ಮೂಲದಲ್ಲಿದ್ದದ್ದು ಒಂದು ಅಳತೆ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ಸೇರಿನದಾಗಿರಬೇಕು? ಭೂಮಾಲೀಕರ ಕೊಳಗ ದೊಡ್ಡದು ಎಂದು ರೈತರ ದೂರು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷದವರು ಬೆಂಬಲಕ್ಕೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಅಳತೆಯ ಪಾತ್ರೆ ಯಾರ ಕೈಯಲ್ಲಿದೆಯೋ ಅವರದೇ ಲೆಕ್ಕ. ಹಿಂದೆ ಕಡತದ ವಿಷಯದಲ್ಲಿ ಕಂಡದ್ದನ್ನೇ ಇಲ್ಲಿಯೂ ಕಾಣುತ್ತೇವೆ. ಆದರೆ ಈ ಸಲ ರೈತರು ಬೇಡಿಕೊಳ್ಳಲಿಲ್ಲ, "ಅಳತೆ ಸರಿಯೇ?" ಎಂದು ಕೇಳಿದರು.

ಆ ಹೋರಾಟದ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು ತೀರ್ಥಹಳ್ಳಿ ತಾಲ್ಲೂಕಿನ ಆರಗದವರು, 1923ರಲ್ಲಿ ಹುಟ್ಟಿದವರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೆರೆಮನೆ ಕಂಡಿದ್ದರು. 1952ರ ಮೊದಲ ಮಹಾಚುನಾವಣೆಯಲ್ಲಿ ವಿಧಾನಸಭೆಗೆ ಆರಿಸಿ ಬಂದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಯಾವ ತರಬೇತಿ ಸಂಸ್ಥೆಯೂ ಅವರಿಗೆ ಪಾಠ ಹೇಳಲಿಲ್ಲ. ಸೆರೆಮನೆ, ಪಕ್ಷದ ಅಧ್ಯಯನ ಶಿಬಿರ, ಗೇಣಿದಾರರ ಸಭೆ, ಪುಸ್ತಕ ಇವೇ ಅವರ ಗುರುಗಳು. ಭೂಸುಧಾರಣೆಯ ಮತ್ತು ಆಡಳಿತದಲ್ಲಿ ಕನ್ನಡದ ಪರವಾಗಿ ಸದನದಲ್ಲಿ ಅವರು ಆಡಿದ ಮಾತುಗಳನ್ನು ಇಂದಿಗೂ ನೆನೆಯುತ್ತಾರೆ. 1972ರಲ್ಲಿ ಅವರು ತೀರಿಕೊಂಡರು. ಅದೇ ಕಾಗೋಡಿನ ಕಾಗೋಡು ತಿಮ್ಮಪ್ಪನವರು 2013ರಿಂದ 2016ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು.

ಈ ಸೀಮೆಯ ಇತರ ನಾಯಕರು ಬೇರೆ ಬೇರೆ ಮೆಟ್ಟಿಲುಗಳಿಂದ ಹತ್ತಿದರು. ವಕೀಲರಾಗಿದ್ದ ಎಸ್. ಬಂಗಾರಪ್ಪನವರು 1967ರಲ್ಲಿ ಸೊರಬದಿಂದ ವಿಧಾನಸಭೆಗೆ ಬಂದು 1990ರಲ್ಲಿ ಮುಖ್ಯಮಂತ್ರಿಯಾದರು. ಬಿ.ಎಸ್. ಯಡಿಯೂರಪ್ಪನವರು 1975ರಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರಾಗಿ, 1983ರಲ್ಲಿ ಶಾಸಕರಾಗಿ, 2007ರಲ್ಲಿ ಮೊದಲ ಸಲ ಮುಖ್ಯಮಂತ್ರಿಯಾದರು. ಪಕ್ಷ ಯಾವುದೇ ಇರಲಿ, ಒಂದು ಅಂಶ ಸ್ಪಷ್ಟ: ಪಕ್ಷ, ವಕೀಲಿ ವೃತ್ತಿ, ಚಳವಳಿ, ಪುರಸಭೆ ಇವು ಅಂದಿನ ತರಬೇತಿ ಶಾಲೆಗಳು. ಈ ಬಾಗಿಲುಗಳ ಒಳಗೆ ಬರಲು ಅವಕಾಶವಿದ್ದವರು ಕಲಿತರು. ಅವಕಾಶವೇ ಇಲ್ಲದ ಬಹುಸಂಖ್ಯಾತರ, ಅದರಲ್ಲೂ ಹೆಂಗಸರ ಗತಿ?

ಮಂಡಲದಿಂದ ಗ್ರಾಮಕ್ಕೆ

ಈ ಪ್ರಶ್ನೆಗೆ ಕಾನೂನಿನ ಉತ್ತರ ಬರಲು ಆರಂಭವಾದದ್ದು 1983ರಲ್ಲಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್‌ಸಾಬ್. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿ ತೋಡಿಸಿದ ಅವರನ್ನು ಜನ 'ನೀರ್‌ಸಾಬ್' ಎಂದೇ ಕರೆದರು. ಅವರ ಶ್ರಮದಿಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿಗಳ ಕಾಯ್ದೆ ಬಂತು. 1987ರ ಜನವರಿಯಲ್ಲಿ ಚುನಾವಣೆ ನಡೆದು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಮಂಡಲ ಪಂಚಾಯ್ತಿಗಳಿಗೆ ಆರಿಸಿ ಬಂದರು. ಶೇಕಡಾ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟು, ಹಿರಿಯ ಐ.ಎ.ಎಸ್. ಅಧಿಕಾರಿಯೊಬ್ಬರನ್ನು ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಇರಿಸಲಾಯಿತು. ಅಧಿಕಾರಿ ಹೇಳಿದ್ದನ್ನು ಪ್ರತಿನಿಧಿ ಕೇಳುವ ಕಾಲ ತಿರುಗಿತು, ಕಾಗದದ ಮೇಲಾದರೂ.

ನಜೀರ್‌ಸಾಬ್ 1988ರಲ್ಲಿ ತೀರಿಕೊಂಡರು. ಮಂಡಲಗಳ ಅವಧಿ 1992ರಲ್ಲಿ ಮುಗಿದಾಗ ಮರುಚುನಾವಣೆಯಾಗದೆ ಆಡಳಿತಾಧಿಕಾರಿಗಳು ಬಂದು ಕೂತರು. ಕಲಿತ ಐವತ್ತು ಸಾವಿರ ಮಂದಿ ಮನೆಗೆ ಹೋದರು. ಅಷ್ಟರಲ್ಲಿ ದೇಶದಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯಾಗಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ಕರ್ನಾಟಕ ಹೊಸ ಪಂಚಾಯತ್ ರಾಜ್ ಕಾಯ್ದೆ ಮಾಡಿ, ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿಗಳಿಗೆ ಚುನಾವಣೆ ನಡೆಸಿತು. ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ಆರಿಸಿ ಬಂದವರು ಸುಮಾರು 80 ಸಾವಿರ. ಮಹಿಳೆಯರಿಗೆ ಮೀಸಲಿದ್ದುದು ಮೂರನೆಯ ಒಂದು ಭಾಗ. ಗೆದ್ದು ಬಂದವರು ಅದಕ್ಕಿಂತ ಹೆಚ್ಚು.

ಮನೆಗೆ ಬರುವ ನಡವಳಿ ಪುಸ್ತಕ

ಆ 80 ಸಾವಿರದಲ್ಲಿ ಒಬ್ಬ ಸದಸ್ಯೆಯನ್ನು ಕಲ್ಪಿಸಿಕೊಳ್ಳಿ. ಶಿಕಾರಿಪುರ ಕಡೆಯ ಒಂದು ಹಳ್ಳಿ. ಆಕೆ ಕೂಲಿ ಮಾಡುವವರು, ಹೆಚ್ಚು ಓದಿದವರಲ್ಲ. ಮೀಸಲು ಸ್ಥಾನ ಬಂದದ್ದರಿಂದ ನಿಂತರು, ಗೆದ್ದರು. ಮೊದಲ ಸಭೆಗೆ ಹೋದಾಗ ಕಿವಿಗೆ ಬಿದ್ದ ಪದಗಳು: ಕೋರಂ, ಠರಾವು, ಕ್ರಿಯಾ ಯೋಜನೆ, ಬೇಡಿಕೆ–ವಸೂಲಿ ಪಟ್ಟಿ, ಜಮಾಬಂದಿ. ಹಿಂದೆ ಕಡತ ಹೇಗೆ ಕಪ್ಪು ಬಟ್ಟೆಯಾಗಿತ್ತೋ, ಈ ಪದಗಳೂ ಹಾಗೆಯೇ. ಯಾರಾದರೂ ನಡವಳಿ ಪುಸ್ತಕವನ್ನು ಮನೆಗೇ ತಂದು, "ಅಕ್ಕಾ, ಇಲ್ಲೊಂದು ಸಹಿ ಹಾಕಿ" ಎನ್ನುತ್ತಾರೆ. ಗಂಡ, "ಹಾಕು, ನಾನು ನೋಡಿದ್ದೇನೆ" ಎನ್ನುತ್ತಾನೆ. ಸಹಿಯ ಮೇಲೆ ಖಾಲಿ ಜಾಗವಿದೆ. ಆ ಜಾಗದಲ್ಲಿ ನಾಳೆ ಏನು ಬೇಕಾದರೂ ಬರೆಯಬಹುದು. ಲೆಕ್ಕ ತಪ್ಪಿದರೆ ಹೊಣೆ ಮಾತ್ರ ಸಹಿ ಹಾಕಿದವರದು.

ಆಕೆಗೆ ಬೇಕಾದ ಪಾಠ ಬಹಳ ದೊಡ್ಡದೇನಲ್ಲ. ಸಭೆಯಲ್ಲಿ ಕೂತಾಗ ಮಾತ್ರ ಸಹಿ ಹಾಕಬೇಕು. ಹಾಕುವ ಮೊದಲು ಓದಿಸಿ ಕೇಳಬೇಕು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಬೇಕು. ಒಪ್ಪಿಗೆಯಿಲ್ಲದಿದ್ದರೆ ಅದನ್ನೂ ಬರೆಸಬೇಕು. ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯಗಳ ಸಮಿತಿ ಎಂಬ ಮೂರು ಸ್ಥಾಯಿ ಸಮಿತಿಗಳಿರುತ್ತವೆ. ತಾನು ಯಾವುದರಲ್ಲಿದ್ದೇನೆ ಎಂದು ತಿಳಿದಿರಬೇಕು. ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಲೇಬೇಕು; ನಡೆಯದಿದ್ದರೆ ಕೇಳಬೇಕು. ಇಷ್ಟು ಗೊತ್ತಿದ್ದರೆ ಆಕೆಯನ್ನು ಬದಿಗೆ ಸರಿಸುವುದು ಸುಲಭವಲ್ಲ.

ಪಾಠ ಸಣ್ಣದು, ಆದರೆ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದು. ವಿಜ್ಞಾನ ಓದಿದವನಾದ್ದರಿಂದ ನನಗೆ ಲೆಕ್ಕ ಮಾಡಿ ನೋಡುವ ಚಾಳಿ. ನೀವೂ ಕಾಗದ ತೆಗೆದುಕೊಳ್ಳಿ. ಒಂದು ಕೋಣೆಯಲ್ಲಿ 40 ಮಂದಿ ಎಂದರೆ 80 ಸಾವಿರಕ್ಕೆ 2,000 ತಂಡಗಳು. ತಂಡಕ್ಕೆ ಮೂರು ದಿನವೆಂದರೆ 6,000 ದಿನ, ಅಂದರೆ ಹದಿನಾರು ವರ್ಷಕ್ಕೂ ಹೆಚ್ಚು. ಸದಸ್ಯರ ಅವಧಿ ಐದೇ ವರ್ಷ! ಇಪ್ಪತ್ತು ಕೋಣೆಗಳಲ್ಲಿ ಒಟ್ಟಿಗೆ ನಡೆಸಿದರೂ ಬಿಡುವಿಲ್ಲದೆ ಹತ್ತು ತಿಂಗಳು ಬೇಕು.

ಇದಕ್ಕೆ ಒಂದು ಉಪಾಯ, ಕೆಲವರಿಗೆ ಕಲಿಸಿ ಅವರಿಂದ ಉಳಿದವರಿಗೆ ಕಲಿಸುವುದು. ಇದರ ತೊಂದರೆ ವಿಡಿಯೊ ಕ್ಯಾಸೆಟ್ಟಿನ ಕಾಲವನ್ನು ಕಂಡವರಿಗೆ ಬೇಗ ಅರ್ಥವಾಗುತ್ತದೆ. ಮೂಲ ಕ್ಯಾಸೆಟ್ಟಿನಿಂದ ಪ್ರತಿ ಮಾಡಿದರೆ ಚಿತ್ರ ಕೊಂಚ ಮಸುಕು. ಆ ಪ್ರತಿಯಿಂದ ಇನ್ನೊಂದು ಮಾಡಿದರೆ ಇನ್ನಷ್ಟು ಮಸುಕು. ನಾಲ್ಕನೆಯ ಪ್ರತಿಯಲ್ಲಿ ಮುಖವೇ ಗುರುತು ಸಿಗುವುದಿಲ್ಲ. ಮೈಸೂರಿನಲ್ಲಿ ಹೇಳಿದ ಪಾಠ ಜಿಲ್ಲೆ, ತಾಲ್ಲೂಕು ದಾಟಿ ಹಳ್ಳಿಗೆ ಬರುವಾಗ ಹಾಗೆಯೇ ಆಗುತ್ತದೆ.

ಆಕಾಶದ ದಾರಿ

ಇಲ್ಲಿ ದೂರದರ್ಶನ ಕಥೆಯೊಳಕ್ಕೆ ಬರುತ್ತದೆ. ಉಪಗ್ರಹದಿಂದ ಹಳ್ಳಿಗೆ ನೇರ ಪಾಠ ಹೇಳುವ ಪ್ರಯೋಗ ನಮ್ಮ ನಾಡಿಗೆ ಹೊಸದಾಗಿರಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಲಾಗಿತ್ತು. 'ಸೈಟ್' ಎಂಬ ಆ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿದ್ದವು. ವ್ಯವಸಾಯ, ಆರೋಗ್ಯ, ಶಿಕ್ಷಣದ ವಿಷಯಗಳನ್ನು ಹಳ್ಳಿಯ ಜನ ಒಟ್ಟಾಗಿ ಕೂತು ನೋಡಿದರು. ಆದರೆ ಅದು ದಿವಾನರ ಸಭೆಗಿಂತಲೂ ಒಂದು ಹೆಜ್ಜೆ ಹಿಂದೆ: ಕೇಳಿಸಿಕೊಳ್ಳಬಹುದಿತ್ತು, ಅಹವಾಲು ಹೇಳುವಂತಿರಲಿಲ್ಲ. ಪೆಟ್ಟಿಗೆ ಮಾತಾಡುತ್ತಿತ್ತು, ಜನ ಸುಮ್ಮನಿದ್ದರು.

1990ರ ದಶಕದ ನಡುಭಾಗದಲ್ಲಿ ಇಸ್ರೋ ತರಬೇತಿಗೆಂದೇ ಉಪಗ್ರಹದಲ್ಲಿ ಒಂದು ವಾಹಿನಿಯನ್ನು ಮೀಸಲಿಟ್ಟಿತು. ಕರ್ನಾಟಕದ ಪಂಚಾಯ್ತಿ ಸದಸ್ಯೆಯರ ತರಬೇತಿ ಅದರ ಮೊದಲ ಬಳಕೆಗಳಲ್ಲಿ ಒಂದು. ವ್ಯವಸ್ಥೆ ಸರಳವಾಗಿತ್ತು: ಚಿತ್ರ ಒಂದು ಕಡೆಗೆ, ಧ್ವನಿ ಎರಡೂ ಕಡೆಗೆ. ಸ್ಟುಡಿಯೊದಲ್ಲಿ ಬಲ್ಲವರು ಕೂರುತ್ತಾರೆ. ದೂರದ ಕೇಂದ್ರಗಳಲ್ಲಿ ಸದಸ್ಯೆಯರು ಅವರನ್ನು ಪರದೆಯ ಮೇಲೆ ನೋಡುತ್ತಾರೆ. ಸಂದೇಹ ಬಂದರೆ ಟೆಲಿಫೋನ್ ಎತ್ತಿ ಕೇಳುತ್ತಾರೆ. ಪ್ರಶ್ನೆ ಮತ್ತು ಉತ್ತರ ಎಲ್ಲ ಕೇಂದ್ರಗಳಲ್ಲೂ ಕೇಳಿಸುತ್ತದೆ.

ಇದರ ಹಿಂದಿನ ಭೌತಶಾಸ್ತ್ರ ನಿಮಗೆ ಗೊತ್ತಿರುವುದೇ. ಭೂಸ್ಥಿರ ಉಪಗ್ರಹ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿದೆ. ಸಂಕೇತ ಮೇಲೆ ಹೋಗಿ ಕೆಳಗೆ ಬರಲು 72 ಸಾವಿರ ಕಿಲೋಮೀಟರ್ ಸಾಗಬೇಕು. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಭಾಗಿಸಿದರೆ ಸುಮಾರು ಕಾಲು ಸೆಕೆಂಡು. ಅಂದರೆ ಸ್ಟುಡಿಯೊದವರು ಆಡಿದ ಮಾತು ಕಾಲು ಸೆಕೆಂಡು ತಡವಾಗಿ ಹಳ್ಳಿಗೆ ಮುಟ್ಟುತ್ತದೆ.

ನೇರಪ್ರಸಾರದ ಫೋನ್–ಇನ್ ಕಾರ್ಯಕ್ರಮಗಳಲ್ಲಿ ಕೆಲಸ ಮಾಡಿದವರಿಗೆ ಈ ಕಾಲು ಸೆಕೆಂಡಿನ ಬೆಲೆ ಗೊತ್ತು. "ದಯವಿಟ್ಟು ನಿಮ್ಮ ಟಿ.ವಿ. ಸದ್ದು ಕಡಿಮೆ ಮಾಡಿ" ಎಂದು ನಿರೂಪಕರು ಹೇಳುವುದನ್ನು ನೀವು ಕೇಳಿಯೇ ಇರುತ್ತೀರಿ. ತನ್ನದೇ ಮಾತು ತಡವಾಗಿ ತನ್ನ ಕಿವಿಗೆ ಬಿದ್ದರೆ ಕರೆ ಮಾಡಿದವರು ಗಲಿಬಿಲಿಗೊಂಡು ನಿಲ್ಲಿಸಿಬಿಡುತ್ತಾರೆ. ಆದರೆ ನಾನು ಕಂಡ ಹೆಚ್ಚು ದೊಡ್ಡ ಮೌನ ಬೇರೆ. ಗೆರೆ ಸಿಕ್ಕಿರುತ್ತದೆ, ಆ ಕಡೆ ಉಸಿರಾಟ ಕೇಳುತ್ತದೆ, ಮಾತು ಹೊರಡುವುದಿಲ್ಲ. "ಇದನ್ನು ಕೇಳಬಹುದೋ ಇಲ್ಲವೋ" ಎಂಬ ಅಳುಕು ಅದು. ಅವಸರ ಮಾಡಿದರೆ ಕರೆ ಕತ್ತರಿಸಿಬಿಡುತ್ತಾರೆ. ನಿರೂಪಕರು ತುಸು ಕಾದು, "ಹೇಳಿ ಅಮ್ಮಾ, ಕೇಳ್ತಾ ಇದ್ದೀವಿ" ಎಂದರೆ ಪ್ರಶ್ನೆ ಬರುತ್ತದೆ. ಕೇಳಿದ ಪ್ರಶ್ನೆ ಸಣ್ಣದಿರಬಹುದು. ಆದರೆ ಒಬ್ಬಾಕೆ ಕೇಳಿದ್ದನ್ನು ಬೇರೆ ತಾಲ್ಲೂಕುಗಳಲ್ಲಿ ನೂರಾರು ಮಂದಿ ಕೇಳಿಸಿಕೊಂಡು, "ಇದು ನಮ್ಮಲ್ಲೂ ಇದೆ" ಎಂದುಕೊಳ್ಳುತ್ತಾರೆ. 1881ರ ಸಭೆಯಲ್ಲಿ ಕೆಲವೇ ಭೂಹಿಡುವಳಿದಾರರಿಗೆ ದೊರೆತ ಅನುಭವ ಹೀಗೆ ಹೊಸಬರಿಗೂ ದೊರೆಯಿತು.

ಮುಂದೆ ಈ ಏರ್ಪಾಡು ಬೆಳೆಯಿತು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅಬ್ದುಲ್ ನಜೀರ್‌ಸಾಬ್ ಅವರ ಹೆಸರಿಟ್ಟರು. ಅಲ್ಲಿ ಉಪಗ್ರಹ ಸ್ಟುಡಿಯೊ ಬಂತು. ತಾಲ್ಲೂಕು ಪಂಚಾಯ್ತಿ ಕಚೇರಿಗಳಲ್ಲಿ ಗ್ರಹಣ ಕೇಂದ್ರಗಳಾದವು. ನಗರಸಭೆ, ಪುರಸಭೆಗಳ ಸದಸ್ಯರಿಗೆಂದು ಮೈಸೂರಿನಲ್ಲಿಯೇ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ.

ಶಾಸಕರಿಗೂ ಪಾಠ ಬೇಕಾಯಿತು. ಸಂಸತ್ತು 1976ರಲ್ಲಿಯೇ ಸಂಸದೀಯ ಅಧ್ಯಯನ ಮತ್ತು ತರಬೇತಿಗೆ ಪ್ರತ್ಯೇಕ ವಿಭಾಗ ತೆರೆದಿತ್ತು. ನಮ್ಮ ವಿಧಾನಸಭೆಗೆ ಮೊದಲ ಸಲ ಗೆದ್ದವರಿಗಾಗಿ 2023ರ ಜೂನಿನಲ್ಲಿ ನೆಲಮಂಗಲದ ಬಳಿ ಶಿಬಿರ ನಡೆಯಿತು. ಪ್ರಶ್ನೋತ್ತರ ವೇಳೆ, ಗಮನ ಸೆಳೆಯುವ ಸೂಚನೆ, ಮುಂಗಡಪತ್ರದ ಚರ್ಚೆ ಇವೆಲ್ಲ ಹೊಸ ಶಾಸಕರಿಗೂ ಆ ಹಳ್ಳಿಯ ಸದಸ್ಯೆಗೆ ಠರಾವು ಇದ್ದಷ್ಟೇ ಅಪರಿಚಿತ. 224 ಶಾಸಕರಿಗೆ ಮೂರು ದಿನದ ಶಿಬಿರ ಮಾಡುವುದು ಸುಲಭ. ಹಳ್ಳಿಗಳಲ್ಲಿರುವ ಸುಮಾರು 90 ಸಾವಿರ ಸ್ಥಾನಗಳವರೆಗೆ ಮುಟ್ಟುವುದು ಕಷ್ಟ. ಆದರೆ ಅಗತ್ಯ ಎರಡೂ ಕಡೆ ಒಂದೇ.

ಬಾಗಿಲು ಮುಚ್ಚುವುದೋ, ದೀಪ ಹಚ್ಚುವುದೋ

ಓದಿಲ್ಲದವರು ಆರಿಸಿ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ದೇಶದಲ್ಲಿ ಇನ್ನೊಂದು ಉತ್ತರವೂ ಇದೆ. ರಾಜಸ್ಥಾನವು 2014ರ ಕೊನೆಯಲ್ಲಿ ಪಂಚಾಯ್ತಿ ಚುನಾವಣೆಗೆ ನಿಲ್ಲಲು ಶಾಲಾ ವಿದ್ಯಾರ್ಹತೆ ಕಡ್ಡಾಯ ಮಾಡಿತು. 2019ರಲ್ಲಿ ಅದನ್ನು ಕೈಬಿಟ್ಟಿತು. ಹರಿಯಾಣ 2015ರಲ್ಲಿ ಅಂಥದೇ ನಿಯಮ ತಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಓದಿದವರೇ ಆಡಳಿತ ನಡೆಸಲಿ ಎಂಬ ಮಾತು ಮೊದಲ ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಶಾಲೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೇ ಪಂಚಾಯ್ತಿಯ ಬಾಗಿಲನ್ನೂ ಮುಚ್ಚಿದಂತಾಗುವುದಿಲ್ಲವೇ? ಕಾಗೋಡಿನಲ್ಲಿ ಕೊಳಗದ ಅಳತೆ ತಪ್ಪೆಂದು ಕಂಡುಹಿಡಿದವರಲ್ಲಿ ಎಷ್ಟು ಮಂದಿ ಶಾಲೆ ಕಂಡಿದ್ದರು?

ಕರ್ನಾಟಕ ಆ ದಾರಿ ಹಿಡಿಯಲಿಲ್ಲ. ಬಂದವರನ್ನು ತಡೆಯುವ ಬದಲು ಬಂದವರಿಗೆ ಕಲಿಸಲು ಹೊರಟಿತು. 2010ರ ಗ್ರಾಮ ಪಂಚಾಯ್ತಿ ಚುನಾವಣೆಯಿಂದ ಮಹಿಳೆಯರ ಮೀಸಲು ಅರ್ಧದಷ್ಟಾಯಿತು. ಇದು ನಾವು ಹೆಮ್ಮೆಪಡಬಹುದಾದ ಮಾತು. ಹಾಗೆಂದು ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. ಹೆಂಡತಿಯ ಹೆಸರಿನಲ್ಲಿ ಗಂಡ ಕೂರುವ ಸಭೆಗಳು ಪೂರ್ತಿ ನಿಂತಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಮರುಚುನಾವಣೆಯೇ ನಡೆಯಲಿಲ್ಲ. 1992ರಲ್ಲಿ ಮಂಡಲಗಳಿಗೆ ಆದದ್ದೇ ಮತ್ತೆ ಆಯಿತು. ವಿದ್ಯಾರ್ಥಿಗಳೇ ಇಲ್ಲದ ತರಗತಿಯಲ್ಲಿ ಯಾರಿಗೆ ಪಾಠ? ತರಬೇತಿಯ ಮೊದಲ ಷರತ್ತು ಕಾಲಕಾಲಕ್ಕೆ ಚುನಾವಣೆ ನಡೆಯುವುದು.

ಮಿತ್ರರೇ, ನಿಮ್ಮಲ್ಲಿ ಹದಿನೆಂಟು ತುಂಬಿದವರು ಮತದಾರರು. ಇಪ್ಪತ್ತೊಂದು ತುಂಬಿದರೆ ಗ್ರಾಮ ಪಂಚಾಯ್ತಿಗೆ ನೀವೇ ನಿಲ್ಲಬಹುದು, ಇಪ್ಪತ್ತೈದಕ್ಕೆ ವಿಧಾನಸಭೆಗೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮೂರಿನ ಮುಂದಿನ ಗ್ರಾಮಸಭೆ ಯಾವಾಗ ಎಂದು ವಿಚಾರಿಸಿ, ಹೋಗಿ ಕೂತುಕೊಳ್ಳಿ. ಯಾರು ಮಾತಾಡಿದರು, ಯಾರು ಸುಮ್ಮನಿದ್ದರು ಎಂದು ಬರೆದುಕೊಳ್ಳಿ. ಕ್ರಿಯಾ ಯೋಜನೆಯ ಪಟ್ಟಿಯನ್ನು ಓದಿಸಿ ಎಂದು ಕೇಳಿ. ಸುಮ್ಮನಿದ್ದ ಸದಸ್ಯೆಯೊಬ್ಬರು ಸಿಕ್ಕರೆ, ಸಭೆ ಮುಗಿದ ಮೇಲೆ ಅವರೊಡನೆ ಕೂತು ನಡವಳಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ನಿಮಗೆ ಅದು ಹತ್ತು ನಿಮಿಷದ ಕೆಲಸ. ಅವರು ಮುಂದಿನ ಸಭೆಯಲ್ಲಿ ಸಹಿ ಹಾಕುವ ಮೊದಲು, "ತಾಳಿ, ಇದನ್ನು ಮೊದಲು ಓದಿ" ಎಂದರೆ, ನಿಮ್ಮೂರಿನ ತೂಬು ಯಾರ ಕೈಯಲ್ಲಿರಬೇಕೋ ಅವರ ಕೈಗೆ ಬಂತೆಂದು ತಿಳಿಯಿರಿ.